ಜೋಡಿ ಆಕ್ಸಲ್ ಕ್ಯಾರವಾನ್‌ಗೆ ಬದಲಿ ಟೈರ್: 14 ಇಂಚಿನ ರಿಮ್‌ಗೆ ಯಾವುದು ಹೊಂದೀತು?

ಕಾವೇರಿತೀರ, ಸಿದ್ದಾಪುರ:

ಎಲ್ಲರಿಗೂ ನಮಸ್ಕಾರ. ನಮ್ಮ ಹೋಂಸ್ಟೇಯ ಹಿಂಬದಿಯಲ್ಲಿ ಸಿಲ್ವರ್ ಓಕ್ ಮರಗಳ ಕೆಳಗೆ ನಿಂತಿರುವ ಕ್ಯಾರವಾನ್ ಟ್ರೇಲರನ್ನು ನಿಮ್ಮಲ್ಲಿ ಕೆಲವರಾದರೂ ನೋಡಿದ್ದೀರಿ. ಅಮೆರಿಕದಲ್ಲಿ ತಯಾರಾಗಿ, ಬೆಂಗಳೂರಿನಲ್ಲಿ ಎರಡನೇ ಕೈಯಿಂದ ನಮಗೆ ಬಂದ ಗಾಡಿ ಅದು. ಎರಡು ಆಕ್ಸಲ್, ನಾಲ್ಕು ಚಕ್ರ; ಒಟ್ಟು ತೂಕದ ಮಿತಿ 2,700 ಕಿಲೋ ಎಂದು ಮುಂಭಾಗದ ತಗಡಿನ ಮೇಲೆ ಅಚ್ಚೊತ್ತಿದೆ. ಕಾಫಿ ಕೊಯ್ಲು ಮುಗಿದ ಮೇಲೆ ನಾಲ್ಕೈದು ಸಲ ಹೊರಗೆ ಎಳೆದುಕೊಂಡು ಹೋಗುವುದು ಬಿಟ್ಟರೆ ವರ್ಷವಿಡೀ ನಿಂತಲ್ಲೇ ನಿಂತಿರುತ್ತದೆ.

ಹೋದ ವಾರ ಮೈಸೂರಿನಿಂದ ಮಡಿಕೇರಿಗೆ ಬರುವಾಗ, ಸುಂಟಿಕೊಪ್ಪ ದಾಟಿ ಬೋಯಿಕೇರಿಯ ಹತ್ತಿರ, ಹಿಂದೆ ಯಾರೋ ತಗಡು ಬಡಿಯುತ್ತಿರುವಂತೆ ಸದ್ದು ಕೇಳಿಸಿತು. ಇಳಿದು ನೋಡಿದರೆ ಬಲಬದಿಯ ಹಿಂದಿನ ಟೈರಿನ ಮೇಲ್ಪದರ ಕಿತ್ತುಬಂದು ಮಡ್‌ಗಾರ್ಡಿನೊಳಗೆ ಬಾಳೆಪಟ್ಟೆಯಂತೆ ಜೋತಾಡುತ್ತಿತ್ತು, ಅದರ ಅಂಚಿನಲ್ಲಿ ಉಕ್ಕಿನ ತಂತಿಗಳು ಪೊರಕೆಕಡ್ಡಿಗಳ ಹಾಗೆ ಚಾಚಿಕೊಂಡಿದ್ದವು. ಆಶ್ಚರ್ಯವೆಂದರೆ ಗ್ರಿಪ್ ಸವೆದೇ ಇರಲಿಲ್ಲ; ಅಳೆದಾಗ ಆರು ಮಿಲಿಮೀಟರ್ ಉಳಿದಿತ್ತು. ತಿರುವಿನಲ್ಲಿ ಜಾಕಿ ಇಡಲು ಜಾಗವಿಲ್ಲದ ಕಾರಣ, ಸುಮಾರು ಮೂರು ಕಿಲೋಮೀಟರ್ ನಿಧಾನವಾಗಿ ಸಾಗಿ ಅಗಲವಾದ ಜಾಗದಲ್ಲಿ ಸ್ಟೆಪ್ನಿ ಹಾಕಿಕೊಂಡೆವು.

ಟೈರಿನ ಮೇಲೆ "ಎಸ್‌ಟಿ 205/75 ಆರ್ 14, ಲೋಡ್ ರೇಂಜ್ ಸಿ" ಎಂದಿದೆ. ಮೂರು ಅಂಗಡಿಗಳಲ್ಲಿ ಕೇಳಿದೆ. ಮೊದಲನೆಯವರು ಕಾರಿನ 195/70 ಆರ್ 14 ಸಾಕು ಎಂದರು, ಎರಡನೆಯವರು ಸರಕು ಗಾಡಿಯ 195 ಆರ್ 14 ಸಿ ಹಾಕಿ ಎಂದರು, ಮೂರನೆಯವರು ಈ ರಿಮ್ಮನ್ನೇ ಎಸೆದು 15 ಇಂಚಿಗೆ ಹೋಗಿ ಎಂದರು. ಯಾರ ಮಾತು ಕೇಳಲಿ?

ಕಿತ್ತಳೆಗಿಡ, ವಿರಾಜಪೇಟೆ:

ಮೂರನೆಯವರ ಮಾತು ಕೇಳಿ ಅಣ್ಣ. ಬೊಲೆರೊದ 215/75 ಆರ್ 15 ಟೈರ್ ಕೊಡಗಿನ ಯಾವ ಊರಿನಲ್ಲಿ ಸಿಗುವುದಿಲ್ಲ ಹೇಳಿ? ರಾತ್ರಿ ಹನ್ನೊಂದಕ್ಕೆ ಪಂಕ್ಚರ್ ಅಂಗಡಿಯವರನ್ನು ಎಬ್ಬಿಸಿದರೂ ಒಂದು ಹಳೆಯದಾದರೂ ಸಿಕ್ಕೇ ಸಿಗುತ್ತದೆ. ಗಾಡಿಯೂ ಸ್ವಲ್ಪ ಎತ್ತರವಾಗಿ, ತೋಟದ ದಾರಿಯ ಕಲ್ಲುಗಳಿಗೆ ತಳ ತಾಗುವುದು ತಪ್ಪುತ್ತದೆ.

ಬಿಳಿಮಂಜು, ಮಡಿಕೇರಿ:

ಟೈರಿನ ಹೆಸರು ಹೇಳುವ ಮೊದಲು ಮೂರು ಸಂಗತಿಗಳು ತಿಳಿಯಬೇಕು. ಪ್ರತಿ ಚಕ್ರದ ಮೇಲೆ ಬೀಳುತ್ತಿರುವ ಭಾರ ಎಷ್ಟು? ರಿಮ್ಮಿನ ಒಳಮೈಯಲ್ಲಿ ಅಚ್ಚೊತ್ತಿರುವ ಅಗಲ ಮತ್ತು ಭಾರದ ಮಿತಿ ಎಷ್ಟು? ಟೈರಿನ ನೆತ್ತಿಗೂ ಮಡ್‌ಗಾರ್ಡಿಗೂ ನಡುವೆ, ಹಾಗೆಯೇ ಮುಂದಿನ ಮತ್ತು ಹಿಂದಿನ ಟೈರುಗಳ ನಡುವೆ ಉಳಿದಿರುವ ಜಾಗ ಎಷ್ಟು? ಇವುಗಳಲ್ಲಿ ಒಂದನ್ನೂ ಅಳೆಯದೆ ಮೂವರೂ ಉತ್ತರ ಕೊಟ್ಟಿದ್ದಾರೆ. ಕುಶಾಲನಗರದ ಕಡೆ ಕಾಫಿ ಲಾರಿಗಳನ್ನು ತೂಗುವ ವೇಬ್ರಿಡ್ಜ್‌ಗಳಿವೆ. ನೀವು ಪ್ರವಾಸಕ್ಕೆ ಹೊರಡುವಾಗ ಹೇಗೆ ತುಂಬಿಸುತ್ತೀರೋ ಹಾಗೆಯೇ ನೀರು, ಗ್ಯಾಸ್ ಸಿಲಿಂಡರ್, ಪಾತ್ರೆ, ಹಾಸಿಗೆ ಎಲ್ಲವನ್ನೂ ತುಂಬಿಸಿಕೊಂಡು ಒಮ್ಮೆ ಹೋಗಿ ಬನ್ನಿ. ಮೊದಲು ಎರಡೂ ಆಕ್ಸಲ್ ಸೇರಿಸಿ ತೂಗಿಸಿ, ಆಮೇಲೆ ಒಂದೊಂದೇ ಆಕ್ಸಲ್ಲನ್ನು, ಕೊನೆಗೆ ಒಂದು ಬದಿಯ ಚಕ್ರಗಳು ಮಾತ್ರ ತಟ್ಟೆಯ ಮೇಲೆ ಬರುವಂತೆ ನಿಲ್ಲಿಸಿ ಅದನ್ನೂ ಬರೆದುಕೊಳ್ಳಿ.

ಇನ್ನೊಂದು ಮಾತು. ಟೈರಿನ ವಯಸ್ಸು ನೋಡಿದ್ದೀರಾ? ಟೈರಿನ ಗೋಡೆಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರ, ನಂತರದ ಎರಡು ವರ್ಷ.

ಕಾವೇರಿತೀರ, ಸಿದ್ದಾಪುರ:

ಮೇಡಂ, ಹೊರಬದಿಯಲ್ಲಿ ಆ ಅಂಕಿಗಳು ಕಾಣಲಿಲ್ಲ. ಅದು ಟೈರಿನ ಒಂದು ಬದಿಯಲ್ಲಿ ಮಾತ್ರ ಪೂರ್ತಿಯಾಗಿ ಇರುತ್ತದೆ ಎಂದು ಮಗ ಹೇಳಿದ ಮೇಲೆ, ಕಾಫಿಯ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ತೂರಿ ಟಾರ್ಚ್ ಹಾಕಿ ನೋಡಿದೆ. ನಾಲ್ಕರಲ್ಲೂ 2717 ಎಂದಿದೆ. ಅಂದರೆ 2017ನೆಯ ಇಸವಿಯ 27ನೆಯ ವಾರದ ಮಾಲು. ಸ್ಟೆಪ್ನಿಯೂ ಅದೇ. ಪಕ್ಕದ ಗೋಡೆಯಲ್ಲಿ, ಅಕ್ಷರಗಳ ಸುತ್ತ, ಒಣಗಿದ ಗದ್ದೆಯಲ್ಲಿ ಬಿಡುವಂತಹ ಸಣ್ಣ ಬಿರುಕುಗಳೂ ಕಂಡವು.

ಗಾಳಿಯ ವಿಷಯವನ್ನೂ ಒಪ್ಪಿಕೊಂಡುಬಿಡುತ್ತೇನೆ. ನಾನು ಇದುವರೆಗೆ ಕಾರಿನ ಲೆಕ್ಕದಲ್ಲಿ 36 ಪಾಯಿಂಟ್ (ಗಾಳಿಯ ಒತ್ತಡದ ಅಳತೆ, ಪಿಎಸ್‌ಐ) ಹಾಕಿಸುತ್ತಿದ್ದೆ.

ಗೋಣಿಕೊಪ್ಪದ ಟೈರ್ ಅಂಗಡಿ:

ನಾನು ಈ ವ್ಯಾಪಾರದಲ್ಲಿ ಇರುವವನಾದ್ದರಿಂದ ನೇರವಾಗಿ ಹೇಳುತ್ತೇನೆ: ಟೈರ್ ಹೋಗಿದ್ದಕ್ಕೆ ನಿಮ್ಮ 36 ಪಾಯಿಂಟ್ ಮತ್ತು ಆ ವಯಸ್ಸು, ಎರಡೂ ಸೇರಿ ಕಾರಣ. ಲೋಡ್ ರೇಂಜ್ ಸಿ ಎಂದರೆ ಆರು ಪ್ಲೈ, ಅಂದರೆ ಆರು ಪದರದ ಲೆಕ್ಕದ ಟೈರ್. ಅದು 1,760 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 800 ಕಿಲೋ, ಹೊರುವುದು 50 ಪಿಎಸ್‌ಐ ಗಾಳಿ ಇದ್ದಾಗ ಮಾತ್ರ. ಗಾಳಿ ಇಳಿದಂತೆ ಹೊರುವ ಶಕ್ತಿಯೂ ಇಳಿಯುತ್ತದೆ, ಪಕ್ಕದ ಗೋಡೆ ಪ್ರತಿ ಸುತ್ತಿಗೂ ಬಾಗಿ ಬಾಗಿ ಬಿಸಿಯಾಗುತ್ತದೆ, ಆ ಬಿಸಿಗೆ ರಬ್ಬರು ಮತ್ತು ಉಕ್ಕಿನ ಪದರಗಳ ನಡುವಿನ ಅಂಟು ಬಿಡುತ್ತದೆ. ಟ್ರೇಲರ್ ಟೈರುಗಳು ಸವೆದು ಸಾಯುವುದು ಅಪರೂಪ, ನಿಂತು ಸಾಯುವುದೇ ಹೆಚ್ಚು. ಕಾನೂನಿನ 1.6 ಮಿಲಿಮೀಟರ್ ಮಿತಿಯನ್ನು ಅವು ಮುಟ್ಟುವ ಮೊದಲೇ ವಯಸ್ಸಾಗಿರುತ್ತದೆ. ಐದಾರು ವರ್ಷಕ್ಕೆ, ಗ್ರಿಪ್ ಎಷ್ಟೇ ಇರಲಿ, ತೆಗೆದುಬಿಡುವುದು ಒಳ್ಳೆಯದು.

ಎಸ್‌ಟಿ ಎಂಬ ಅಕ್ಷರಗಳು ಟ್ರೇಲರ್‌ಗೆಂದೇ ಮಾಡಿದ ಅಮೆರಿಕದ ಮಾದರಿಯನ್ನು ಸೂಚಿಸುತ್ತವೆ. ಅದೇ ಅಳತೆಯ ಬೇರೆ ಟೈರಿಗಿಂತ ಅದಕ್ಕೆ ಹೆಚ್ಚು ಭಾರದ ಮಿತಿ ಕೊಟ್ಟಿರುತ್ತಾರೆ, ಬದಲಿಗೆ ವೇಗವನ್ನು ಗಂಟೆಗೆ 65 ಮೈಲಿಯ ಸುಮಾರಿಗೆ ಕಟ್ಟಿಹಾಕಿರುತ್ತಾರೆ. ನಮ್ಮಲ್ಲಿ ಅದನ್ನು ತರಿಸುವುದು ಕಷ್ಟ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲಂತೂ ನನ್ನಂತಹ ಸಣ್ಣ ಅಂಗಡಿಯವರು ಆ ಆಸೆಯನ್ನೇ ಬಿಟ್ಟೆವು. ಆದ್ದರಿಂದ ಇಲ್ಲಿ ಸಿಗುವ, ಐಎಸ್‌ಐ ಗುರುತಿರುವ, ಸಣ್ಣ ಸರಕು ವಾಹನಗಳ ರೇಡಿಯಲ್ ಟೈರುಗಳಲ್ಲೇ ಹೊಂದುವುದನ್ನು ಹುಡುಕಬೇಕು. ರೀಟ್ರೆಡ್ ಮಾಡಿದ್ದನ್ನು, ಅಂದರೆ ಹಳೆಯ ಟೈರಿಗೆ ಹೊಸ ಮೇಲ್ಪದರ ಅಂಟಿಸಿದ್ದನ್ನು, ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಆ ಅಂಗಡಿಯ ಮೆಟ್ಟಿಲು ಹತ್ತಬೇಡಿ.

ನಿವೃತ್ತ ಚಾಲಕ, ಸೋಮವಾರಪೇಟೆ:

ಮೂರು ಕಿಲೋಮೀಟರ್ ಹಾಗೆಯೇ ಓಡಿಸಿದೆ ಎಂದಿರಲ್ಲ, ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಜೋಡಿ ಆಕ್ಸಲ್‌ನಲ್ಲಿ ಒಂದು ಬದಿಯ ಹಿಂದಿನ ಟೈರ್ ಕೈಕೊಟ್ಟರೆ ಅದರ ಭಾರವೆಲ್ಲ ಅದೇ ಬದಿಯ ಮುಂದಿನದರ ತಲೆಗೆ ಬರುತ್ತದೆ. ಹೊರಗೆ ಏನೂ ಕಾಣದಿದ್ದರೂ ಒಳಗಿನ ಪದರ ನಲುಗಿರುತ್ತದೆ. ಬೇರೆ ಮೂರನ್ನು ಉಳಿಸಿಕೊಳ್ಳುವ ಯೋಚನೆ ಇದ್ದರೂ ಆ ಒಂದನ್ನು ಉಳಿಸಿಕೊಳ್ಳಬೇಡಿ.

ಕಾವೇರಿತೀರ, ಸಿದ್ದಾಪುರ:

ತೂಗಿಸಿಕೊಂಡು ಬಂದೆ. ಲಾರಿಗಳ ಸಾಲಿನಲ್ಲಿ ಕ್ಯಾರವಾನ್ ನಿಂತದ್ದನ್ನು ನೋಡಿ ಅಲ್ಲಿನವರು ಒಳಗೆ ಎಷ್ಟು ಮೂಟೆ ಎಂದು ತಮಾಷೆ ಮಾಡಿದರು, ಆದರೆ ಐದು ಬಾರಿ ಹಿಂದೆ ಮುಂದೆ ಮಾಡಿದರೂ ಬೇಸರಿಸಲಿಲ್ಲ. ಆ ಯಂತ್ರ ಹತ್ತು ಕಿಲೋ ಅಂತರದಲ್ಲಿ ತೋರಿಸುತ್ತದೆ.

ಟ್ರೇಲರ್ ಮಾತ್ರ ಬಿಚ್ಚಿ ನಿಲ್ಲಿಸಿದಾಗ ಒಟ್ಟು 2,600 ಕಿಲೋ. ಪಿಕಪ್ಪಿಗೆ ಸಿಕ್ಕಿಸಿದಾಗ ಎರಡು ಆಕ್ಸಲ್ ಸೇರಿ 2,310. ಉಳಿದ 290 ಕೊಂಡಿಯ ಮೇಲೆ ಹೋಗಿದೆ. ಮುಂದಿನ ಆಕ್ಸಲ್ 1,080, ಹಿಂದಿನದು 1,230. ಹಿಂದಿನ ಆಕ್ಸಲ್‌ನಲ್ಲಿ ಎಡ ಚಕ್ರ 560, ಬಲ ಚಕ್ರ 670. ಮುಂದಿನದರಲ್ಲಿ ಎಡ 500, ಬಲ 580. ಅಡುಗೆಮನೆ ಮತ್ತು ನೀರಿನ ಟ್ಯಾಂಕ್ ಎರಡೂ ಬಲಬದಿಗಿವೆ ಎಂಬುದು ಆಗ ಹೊಳೆಯಿತು. ಕಿತ್ತುಹೋದದ್ದು ಆ 670ರ ಮೂಲೆಯ ಟೈರ್.

ರಿಮ್ಮಿನ ಮೇಲೆ 14 × 5½ ಜೆ ಎಂದಿದೆ, ಭಾರದ ಮಿತಿ 1,870 ಪೌಂಡ್. ಎರಡು ಚಕ್ರಗಳ ನಡುಬಿಂದುಗಳ ಅಂತರ 838 ಮಿಲಿಮೀಟರ್. ಟೈರಿನ ನೆತ್ತಿಯಿಂದ ಮಡ್‌ಗಾರ್ಡಿಗೆ 62 ಮಿಲಿಮೀಟರ್.

ಬಿಳಿಮಂಜು, ಮಡಿಕೇರಿ:

ಈಗ ಮಾತಾಡಬಹುದು. ಲೆಕ್ಕವನ್ನು 2,310 ಭಾಗಿಸು ನಾಲ್ಕು ಎಂದು ಮಾಡಿದ್ದರೆ 578 ಬರುತ್ತಿತ್ತು, ಕಾರಿನ 195/70 ಆರ್ 14 ಅದನ್ನು ಹೊರುತ್ತದೆ ಎಂದು ನೀವು ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದಿರಿ. ಆ ಟೈರಿನ ಭಾರಸೂಚಿ ಸಾಮಾನ್ಯವಾಗಿ 91, ಅಂದರೆ 615 ಕಿಲೋ. ನಿಮ್ಮ ಬಲ ಹಿಂಬದಿ ಚಕ್ರಕ್ಕೆ ಬೇಕಾದದ್ದೇ 670. ಸಾಲದ್ದಕ್ಕೆ, ಕಾರಿನ ಟೈರನ್ನು ಟ್ರೇಲರ್‌ಗೆ ಹಾಕುವಾಗ ಅದರ ಮಿತಿಯನ್ನು 1.1ರಿಂದ ಭಾಗಿಸಿ ನೋಡುವುದು ಅಮೆರಿಕದ ರೂಢಿ. ಹಾಗೆ ನೋಡಿದರೆ 559ಕ್ಕೆ ಇಳಿಯುತ್ತದೆ. ಮೊದಲ ಅಂಗಡಿಯ ಸಲಹೆ ಇಲ್ಲಿಗೆ ಮುಗಿಯಿತು.

ಸರಕು ಗಾಡಿಯ 185 ಆರ್ 14 ಸಿ ಟೈರಿನ ಮೇಲೆ 102/100 ಎಂದೂ, 195 ಆರ್ 14 ಸಿ ಟೈರಿನ ಮೇಲೆ 106/104 ಎಂದೂ ಇರುತ್ತದೆ. (ಇಲ್ಲಿನ ಸಿ ಸರಕು ಗಾಡಿಯ ಟೈರಿನ ಗುರುತು, ನಿಮ್ಮ ಹಳೆಯ ಟೈರಿನ ಲೋಡ್ ರೇಂಜ್ ಸಿ ಅಲ್ಲ.) ಇಲ್ಲಿ ಅನೇಕರು ಎಡವುತ್ತಾರೆ. ಎರಡನೆಯ ಅಂಕಿ ಜೋಡಿ ಚಕ್ರಕ್ಕೆ ಎಂದು ಓದಿ, ನಮ್ಮದು ಜೋಡಿ ಆಕ್ಸಲ್ ತಾನೆ ಎಂದು ಅದನ್ನೇ ಹಿಡಿಯುತ್ತಾರೆ. ಆ ಜೋಡಿ ಎಂದರೆ ಲಾರಿಯ ಹಿಂಬದಿಯಲ್ಲಿರುವಂತೆ ಒಂದೇ ಆಕ್ಸಲ್‌ನ ಒಂದೇ ಬದಿಯಲ್ಲಿ ಒತ್ತಾಗಿ ಕೂತ ಎರಡು ಟೈರುಗಳು. ನಿಮ್ಮ ಗಾಡಿಯಲ್ಲಿ ಪ್ರತಿ ತುದಿಗೂ ಒಂದೊಂದೇ ಚಕ್ರ, ಒಂದರ ಹಿಂದೆ ಒಂದು. ಆದ್ದರಿಂದ ಮೊದಲ ಅಂಕಿಯೇ ನಿಮ್ಮದು: 102 ಎಂದರೆ 850 ಕಿಲೋ, 106 ಎಂದರೆ 950 ಕಿಲೋ.

ಎರಡೂ ಹೊರುತ್ತವೆ. ಇನ್ನು ಎತ್ತರ. ನಿಮ್ಮ ಹಳೆಯ ಟೈರಿನ ಅಗಲ 205 ಮಿಲಿಮೀಟರ್, ಗೋಡೆಯ ಎತ್ತರ ಅದರ ಶೇಕಡಾ 75; ಆ ಎತ್ತರದ ಎರಡರಷ್ಟಕ್ಕೆ 14 ಇಂಚಿನ ರಿಮ್ಮಿನ 355.6 ಸೇರಿಸಿದರೆ 663 ಮಿಲಿಮೀಟರ್. 195 ಆರ್ 14 ಸಿ ಎನ್ನುವಲ್ಲಿ ಗೋಡೆಯ ಎತ್ತರದ ಅಂಕಿ ಬರೆದಿರುವುದಿಲ್ಲ, ಸುಮಾರು ಶೇಕಡಾ 80 ಎಂದು ಹಿಡಿದರೆ 667 ಬರುತ್ತದೆ. 185ರದ್ದು 652. ಬೊಲೆರೊದ 215/75 ಆರ್ 15 ಲೆಕ್ಕ ಹಾಕಿದರೆ 703 ದಾಟುತ್ತದೆ. ಅಂದರೆ ನೆತ್ತಿಯ ಜಾಗದಲ್ಲಿ 20 ಮಿಲಿಮೀಟರ್ ಹೋಗುತ್ತದೆ.

ಕಿತ್ತಳೆಗಿಡ, ವಿರಾಜಪೇಟೆ:

62ರಲ್ಲಿ 20 ಹೋದರೂ 42 ಉಳಿಯಿತಲ್ಲ ಅಕ್ಕ? ನಾಲ್ಕು ಬೆರಳು ಅಲ್ಲದಿದ್ದರೂ ಎರಡು ಬೆರಳಿಗೆ ಮೋಸವಿಲ್ಲ.

ಬಿಳಿಮಂಜು, ಮಡಿಕೇರಿ:

ಸಮತಟ್ಟಾದ ನೆಲದಲ್ಲಿ ಉಳಿಯುತ್ತದೆ, ಒಪ್ಪುತ್ತೇನೆ. ಸಿದ್ದಾಪುರದವರು ದಯವಿಟ್ಟು ಒಂದು ಕೆಲಸ ಮಾಡಿ. ಹತ್ತು ಸೆಂಟಿಮೀಟರ್ ದಪ್ಪದ ಮರದ ತುಂಡನ್ನು ಮುಂದಿನ ಚಕ್ರದ ಎದುರು ಇಟ್ಟು, ಆ ಒಂದು ಚಕ್ರ ಮಾತ್ರ ಅದರ ಮೇಲೆ ಹತ್ತುವಂತೆ ಗಾಡಿಯನ್ನು ಮೆಲ್ಲಗೆ ಎಳೆದು ನಿಲ್ಲಿಸಿ, ಮತ್ತೆ ಅಳೆಯಿರಿ.

ಕಾವೇರಿತೀರ, ಸಿದ್ದಾಪುರ:

ಅಳೆದೆ. ಮರದ ತುಂಡಿನ ಮೇಲೆ ನಿಂತಾಗ ಅದೇ ಚಕ್ರದ ನೆತ್ತಿಯಲ್ಲಿ 14 ಮಿಲಿಮೀಟರ್ ಉಳಿದಿತ್ತು. ಮಗನ ಕಂಪಾಸ್ ಪೆಟ್ಟಿಗೆಯ ಸ್ಕೇಲು ನೆಟ್ಟಗೆ ನಿಲ್ಲಲಿಲ್ಲ, ಓರೆಯಾಗಿ ತೂರಿಸಬೇಕಾಯಿತು.

ಕಿತ್ತಳೆಗಿಡ, ವಿರಾಜಪೇಟೆ:

ಸೋತೆ. ಬೊಲೆರೊ ಟೈರ್ ಹಾಕಿದ್ದರೆ ಮೊದಲ ಹಂಪಿನಲ್ಲೇ ಮಡ್‌ಗಾರ್ಡನ್ನು ತಿನ್ನುತ್ತಿತ್ತು.

ನಿವೃತ್ತ ಚಾಲಕ, ಸೋಮವಾರಪೇಟೆ:

ತಿನ್ನದೇ ಇದ್ದರೂ ನಾನು ಒಪ್ಪುತ್ತಿರಲಿಲ್ಲ. ಚಕ್ರ ದೊಡ್ಡದಾದಷ್ಟೂ ಅದೇ ಡ್ರಮ್ಮಿನ ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ, ಗಾಡಿಯ ಮೈಯೂ ಎತ್ತರಕ್ಕೆ ಹೋಗಿ ತಿರುವಿನಲ್ಲಿ ತೂಗಾಡುತ್ತದೆ. ಸಂಪಾಜೆ ಘಾಟಿಯನ್ನು ಭಾರ ಹೊತ್ತು ಇಳಿದವರಿಗೆ ಬ್ರೇಕಿನ ಬಿಸಿ ರಿಮ್ಮಿಗೆ, ರಿಮ್ಮಿನಿಂದ ಟೈರಿನ ಅಂಚಿಗೆ ಹೇಗೆ ಏರುತ್ತದೆ ಎಂಬುದು ಗೊತ್ತು. ಕೈಯಿಟ್ಟು ನೋಡಿದರೆ ಸುಡುತ್ತದೆ.

ನನಗೆ ನಿಮ್ಮ 1,080 ಮತ್ತು 1,230ರ ಅಂತರವೇ ಹೆಚ್ಚು ಕಾಡುತ್ತಿದೆ. ಲೀಫ್ ಸ್ಪ್ರಿಂಗ್ ಇರುವ ಜೋಡಿ ಆಕ್ಸಲ್‌ನಲ್ಲಿ ಎರಡು ಸ್ಪ್ರಿಂಗುಗಳ ನಡುವೆ ತಕ್ಕಡಿಯ ಹಾಗೆ ತೂಗುವ ಒಂದು ಕಬ್ಬಿಣದ ತುಂಡು ಇರುತ್ತದೆ, ಈಕ್ವಲೈಸರ್ ಎನ್ನುತ್ತಾರೆ. ಭಾರವನ್ನು ಎರಡೂ ಕಡೆ ಹಂಚುವುದೇ ಅದರ ಕೆಲಸ. ನಮ್ಮ ಮಳೆಗಾಲದಲ್ಲಿ ನಾಲ್ಕು ತಿಂಗಳು ನಿಂತ ಗಾಡಿಯಲ್ಲಿ ಅದರ ಬುಷ್ (ಅದು ತೂಗಾಡುವ ಕೀಲಿನ ಒಳಬಳೆ) ತುಕ್ಕು ಹಿಡಿದು ಬಿಗಿದುಕೊಂಡಿದ್ದರೆ ಆಶ್ಚರ್ಯವಿಲ್ಲ. ಎರಡನೆಯದಾಗಿ, ಪಿಕಪ್ಪಿನ ಕೊಂಡಿ ಎತ್ತರವಾಗಿದ್ದು ಕ್ಯಾರವಾನಿನ ಮೂತಿ ಮೇಲಕ್ಕೆ ಎದ್ದಿದ್ದರೆ ಭಾರ ಹಿಂದಿನ ಆಕ್ಸಲ್‌ಗೆ ಜಾರುತ್ತದೆ. ಹೊಸ ಟೈರ್ ಹಾಕಿ ಇದನ್ನು ಹಾಗೆಯೇ ಬಿಟ್ಟರೆ ಹಿಂದಿನವು ಮತ್ತೆ ಮೊದಲು ಹೋಗುತ್ತವೆ.

ಗೋಣಿಕೊಪ್ಪದ ಟೈರ್ ಅಂಗಡಿ:

ಚಾಲಕರು ಹೇಳಿದ್ದು ಸರಿ. ಟೈರ್ ವಿಷಯಕ್ಕೆ ಬಂದರೆ ನನ್ನ ಮತ 195 ಆರ್ 14 ಸಿ ಎಂಟು ಪ್ಲೈಗೆ. 670ಕ್ಕೆ 950 ಎಂದರೆ ಕಾಲುಭಾಗಕ್ಕಿಂತ ಹೆಚ್ಚು ಶಕ್ತಿ ಕೈಯಲ್ಲಿ ಉಳಿಯುತ್ತದೆ. ಜೋಡಿ ಆಕ್ಸಲ್ ಗಾಡಿಗೆ ಅದು ದುಂದುವೆಚ್ಚವಲ್ಲ. ಕಡಿದಾದ ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಒಂದೇ ಸುತ್ತಿನಲ್ಲಿ ಬರಲಾರವು, ಟೈರುಗಳು ಅಡ್ಡಡ್ಡ ಉಜ್ಜಿಕೊಂಡೇ ತಿರುಗಬೇಕು. ಗಟ್ಟಿ ಗೋಡೆಯ ಟೈರ್ ಬೇಕಾಗುವುದು ಅಲ್ಲಿ. ಮಾಕುಟ್ಟದ ರಸ್ತೆಯಲ್ಲಿ ಇಂತಹ ಗಾಡಿಯ ಹಿಂದೆ ಹೋಗುತ್ತಾ ನೋಡಿ, ಟೈರಿನ ಹೊಟ್ಟೆ ರಿಮ್ಮಿನಿಂದ ಹೊರಗೆ ಜಗ್ಗುವುದು ಬರಿಗಣ್ಣಿಗೆ ಕಾಣುತ್ತದೆ. 5½ ಜೆ ರಿಮ್ಮಿಗೆ ಈ ಅಳತೆ ಸರಿಯಾಗಿ ಕೂರುತ್ತದೆ.

ಆದರೆ ಒಂದು ಎಚ್ಚರ. ಟೈರ್ 950 ಹೊರುತ್ತದೆಂದು ಗಾಡಿಗೆ ಹೆಚ್ಚು ತುಂಬಬೇಡಿ. ನಿಮ್ಮ ರಿಮ್ಮಿನ 1,870 ಪೌಂಡ್ ಎಂದರೆ 848 ಕಿಲೋ ಅಷ್ಟೇ, ಆಕ್ಸಲ್‌ಗೂ ಅದರದೇ ಮಿತಿ ಇದೆ. ಗಾಳಿ 65 ಪಿಎಸ್‌ಐವರೆಗೆ ಹೋಗುವುದರಿಂದ ರಿಮ್ಮಿನ ಮೇಲೆ ಒತ್ತಡದ ಮಿತಿ ಬರೆದಿದ್ದರೆ ಅದನ್ನೂ ನೋಡಿ. ಕಾರಿನ ಸಾಮಾನ್ಯ ರಬ್ಬರ್ ವಾಲ್ವಿಗೆ 65 ಎಂದರೆ ಕಟ್ಟಕಡೆಯ ಗೆರೆ, ಅಲ್ಲೇ ನಿಲ್ಲಿಸಿ ಓಡಿಸುವುದಕ್ಕಿಂತ ನಟ್ಟಿನಿಂದ ಬಿಗಿಯುವ ಲೋಹದ ವಾಲ್ವ್ ಹಾಕಿಸುವುದು ಲೇಸು. ಖರ್ಚು ಒಂದು ಊಟದಷ್ಟು.

ನಾಲ್ಕನ್ನೂ ಒಟ್ಟಿಗೆ, ಸ್ಟೆಪ್ನಿ ಸೇರಿ ಐದನ್ನು ತೆಗೆದುಕೊಳ್ಳಿ. ನೈಲಾನ್ ಟೈರನ್ನು ರೇಡಿಯಲ್ ಜೊತೆ ಬೆರೆಸುವ ಮಾತೇ ಬೇಡ. ಡಬ್ಬಿ ಬಿಚ್ಚುವ ಮೊದಲು ತಯಾರಿಕೆಯ ವಾರವನ್ನು ಅಂಗಡಿಯವರಿಂದ ಓದಿಸಿ; ಮೂರು ವರ್ಷ ಗೋದಾಮಿನಲ್ಲಿ ಮಲಗಿದ್ದನ್ನು ಹೊಸದೆಂದು ಕೊಟ್ಟರೆ ನಿಮಗೆ ಉಳಿಯುವುದು ಅರ್ಧ ಆಯಸ್ಸು.

ಬಿಳಿಮಂಜು, ಮಡಿಕೇರಿ:

"ಡಬ್ಬಿ ಬಿಚ್ಚುವ ಮೊದಲು" ಎಂದರೆ? ಟೈರಿಗೆ ಡಬ್ಬಿ ಎಲ್ಲಿ ಬಂತು?

ಗೋಣಿಕೊಪ್ಪದ ಟೈರ್ ಅಂಗಡಿ:

ಟ್ಯೂಬ್ ಮಾರಿ ಮಾರಿ ಬಂದ ಚಾಳಿ ಮೇಡಂ. ರಿಮ್ಮಿಗೆ ಏರಿಸುವ ಮೊದಲು ಎಂದು ಓದಿಕೊಳ್ಳಿ.

ಕಾವೇರಿತೀರ, ಸಿದ್ದಾಪುರ:

ಇನ್ನೊಂದು ಸಂಶಯ. ಮಡಿಕೇರಿಯ ಚಳಿಯಲ್ಲಿ 65 ಹಾಕಿಸಿಕೊಂಡು ಮಂಗಳೂರಿಗೆ ಇಳಿದರೆ ಸೆಕೆಗೆ ಗಾಳಿ ಏರಿ ಟೈರ್ ಸಿಡಿಯುವುದಿಲ್ಲವೆ? ನಮ್ಮ ಮಾವ ಘಾಟಿ ಇಳಿಯುವ ಮುಂಚೆ ಯಾವಾಗಲೂ ಸ್ವಲ್ಪ ಗಾಳಿ ಬಿಡಿಸುತ್ತಿದ್ದರು.

ಬಿಳಿಮಂಜು, ಮಡಿಕೇರಿ:

ಬಿಡಿಸಬೇಡಿ. ಹತ್ತು ಡಿಗ್ರಿ ಸೆಕೆ ಹೆಚ್ಚಾದರೆ ಈ ಮಟ್ಟದ ಗಾಳಿಯಲ್ಲಿ ಎರಡೂವರೆ ಪಿಎಸ್‌ಐ ಏರುತ್ತದೆ, ನಿಜ. ಆದರೆ ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಕೆಳಗೆ ಇಳಿದಂತೆ ಹೊರಗಿನ ವಾತಾವರಣದ ಒತ್ತಡ ಹೆಚ್ಚಿ, ಗೇಜು ತೋರಿಸುವ ಅಂಕಿ ಎರಡರ ಹತ್ತಿರ ಕಡಿಮೆಯಾಗುತ್ತದೆ. ಹೆಚ್ಚು ಕಡಿಮೆ ಒಂದಕ್ಕೊಂದು ಸರಿಹೋಗುತ್ತವೆ. ಓಡಿ ಬಿಸಿಯಾದ ಟೈರಿನಲ್ಲಿ ಅಂಕಿ ಏರುವುದು ಸಹಜ, ಅದಕ್ಕೆ ಅವಕಾಶ ಇಟ್ಟೇ ಟೈರ್ ಮಾಡಿರುತ್ತಾರೆ. ಗಾಳಿಯನ್ನು ಬೆಳಿಗ್ಗೆ, ಗಾಡಿ ಅಲುಗಾಡುವ ಮುಂಚೆ, ತಣ್ಣಗಿರುವಾಗ ನೋಡಿ. ಬಿಸಿ ಟೈರಿನಿಂದ ಗಾಳಿ ಬಿಡಿಸಿದರೆ ನೀವು ಮತ್ತೆ 36ರ ಕಡೆಗೇ ಹೊರಟಂತೆ.

ಕಾವೇರಿತೀರ, ಸಿದ್ದಾಪುರ:

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಸೋಮವಾರಪೇಟೆಯ ಹಿರಿಯರು ಹೇಳಿದಂತೆ ಈಕ್ವಲೈಸರನ್ನು ಬಿಚ್ಚಿಸಿದೆ. ಬಲಬದಿಯದು ಸುತ್ತಿಗೆಯಲ್ಲಿ ಬಡಿದರೂ ಅಲುಗಾಡಲಿಲ್ಲ, ಬುಷ್ ಪುಡಿಯಾಗಿ ಕೆಂಪು ಹಿಟ್ಟಿನಂತೆ ಉದುರಿತು. ಹೊಸ ಬುಷ್ ಹಾಕಿಸಿ, ಪಿಕಪ್ಪಿನ ಕೊಂಡಿಯ ಗುಂಡನ್ನು 70 ಮಿಲಿಮೀಟರ್ ಇಳಿಸಿದ ಮೇಲೆ ಕ್ಯಾರವಾನ್ ನೆಲಕ್ಕೆ ಸಮನಾಗಿ ನಿಂತಿತು. ಪಾತ್ರೆಪರಡಿಯ ಪೆಟ್ಟಿಗೆಯನ್ನು ಎಡಬದಿಯ ಮಂಚದ ಕೆಳಕ್ಕೆ ಸಾಗಿಸಿದೆವು. ಮತ್ತೆ ತೂಗಿಸಿದಾಗ ಮುಂದಿನ ಆಕ್ಸಲ್ 1,140, ಹಿಂದಿನದು 1,160. ಅತಿ ಹೆಚ್ಚು ಭಾರದ ಚಕ್ರದ ಮೇಲೆ ಈಗ 610.

195 ಆರ್ 14 ಸಿ ಐದು ಬಂದವು, ಲೋಹದ ವಾಲ್ವುಗಳೊಂದಿಗೆ. ತಯಾರಾಗಿ ನಾಲ್ಕು ತಿಂಗಳಾಗಿತ್ತು. ಎರಡು ಟೈರುಗಳ ನಡುವೆ 170 ಮಿಲಿಮೀಟರ್ ಉಳಿದಿದೆ. ಮರದ ತುಂಡಿನ ಪರೀಕ್ಷೆಯನ್ನು ಮತ್ತೆ ಮಾಡಿದೆ, ಬುಷ್ ಸರಿಯಾಗಿದ್ದರಿಂದಲೋ ಏನೋ ನೆತ್ತಿಯಲ್ಲಿ ಈಗ 19 ಸಿಗುತ್ತದೆ, ಸ್ಕೇಲು ನೆಟ್ಟಗೆ ನಿಲ್ಲುತ್ತದೆ.

ನಿವೃತ್ತ ಚಾಲಕ, ಸೋಮವಾರಪೇಟೆ:

ಸಂತೋಷ. ಮೊದಲ 80 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ, ಟಾರ್ಕ್ ಪಾನಾ ಇರುವವರ ಹತ್ತಿರವೇ. ಮಳೆಗಾಲದಲ್ಲಿ ನಿಲ್ಲಿಸುವಾಗ ಚಕ್ರಗಳ ಕೆಳಗೆ ಹಲಗೆ ಇಡಿ, ಕೆಸರಿನಲ್ಲಿ ಹೂತಿರುವುದು ಬೇಡ. ಬೇಸಿಗೆಯಲ್ಲಿ ಬಿಸಿಲು ಬೀಳುವ ಬದಿಗೆ ಗೋಣಿತಾಟು ಇಳಿಬಿಡಿ.

ಕಾವೇರಿತೀರ, ಸಿದ್ದಾಪುರ:

ಹಲಗೆ ಆಗಲೇ ಇಟ್ಟಾಯಿತು, ಹಳೆಯ ಕಾಫಿ ಗೋದಾಮಿನ ಬಾಗಿಲಿನದು. ನಟ್ಟುಗಳನ್ನು ಪಿರಿಯಾಪಟ್ಟಣಕ್ಕೆ ಹೋಗಿ ಬಂದ ಮೇಲೆ ಬಿಗಿ ಮಾಡಿಸಿದೆ. ಬಲಬದಿಯ ಎರಡು ನಟ್ಟುಗಳು ಕಾಲು ಸುತ್ತು ತಿರುಗಿದವು.